ಕೇಳಿದ ಮಾತಿನ ದಾರಿ: ರೂಟಿಂಗ್ ಪ್ರೋಟೋಕಾಲ್‌ಗಳ ಪರೀಕ್ಷೆಯ ಚರಿತ್ರೆ

ಒಂದು ಮಾತು ಬಾಯಿಂದ ಬಾಯಿಗೆ ದಾಟುತ್ತ ಹೋದಂತೆ ಕೆಡುತ್ತದೆಯೇ, ಉಳಿಯುತ್ತದೆಯೇ ಎಂಬುದು ಜಾನಪದ ಅಧ್ಯಯನದ ಹಳೆಯ ಪ್ರಶ್ನೆಗಳಲ್ಲಿ ಒಂದು. ‘ಚಕ್ರವರ್ತಿ ಮತ್ತು ಮಠಾಧಿಪತಿ’ ಕಥೆಯ ನೂರಾರು ಪಾಠಾಂತರಗಳನ್ನು ಹೋಲಿಸಿ ನೋಡಿದ ವಾಲ್ಟರ್ ಆಂಡರ್ಸನ್ 1923ರಲ್ಲಿ ಇದಕ್ಕೊಂದು ಉತ್ತರವನ್ನು ಮಂಡಿಸಿದನು. ಕಥೆಗಾರನು ಒಂದೇ ಕಥೆಯನ್ನು ಹಲವರಿಂದ ಹಲವು ಸಲ ಕೇಳಿರುತ್ತಾನೆ. ಆದ್ದರಿಂದ ಒಬ್ಬನ ತಪ್ಪನ್ನು ಮತ್ತೊಬ್ಬನ ಹೇಳಿಕೆ ತಿದ್ದುತ್ತದೆ. ಇದು ‘ಸ್ವಯಂ ತಿದ್ದುಪಡಿಯ ನಿಯಮ’ವೆಂದು ಹೆಸರಾಯಿತು. ಕೇಂಬ್ರಿಜ್ಜಿನ ಮನೋವಿಜ್ಞಾನಿ ಬಾರ್ಟ್‌ಲೆಟ್ 1932ರ ತನ್ನ ಗ್ರಂಥದಲ್ಲಿ ಇದಕ್ಕೆ ವಿರುದ್ಧ ದಿಕ್ಕಿನ ಫಲಿತಾಂಶವನ್ನು ತೋರಿಸಿದನು. ಒಬ್ಬರಿಂದ ಒಬ್ಬರಿಗೆ ಸರಪಳಿಯಾಗಿ ದಾಟಿಸಿದ ಕಥೆ ಕೆಲವೇ ಕೈಗಳಲ್ಲಿ ಗುರುತು ಸಿಗದಷ್ಟು ಬದಲಾಗಿತ್ತು. ಆಂಡರ್ಸನ್ ತಾನೂ ವಿದ್ಯಾರ್ಥಿಗಳ ಸರಪಳಿಗಳನ್ನು ಕಟ್ಟಿ ಪ್ರಯೋಗ ನಡೆಸಿ 1951ರಲ್ಲಿ ಪ್ರಕಟಿಸಿದನು. ಆದರೆ ಕೋಣೆಯೊಳಗೆ ಕಟ್ಟಿದ ಸರಪಳಿ ಊರಲ್ಲ. ಊರಿನಲ್ಲಿ ಕೇಳುಗರು ಕಥೆಯನ್ನು ಮೊದಲೇ ಬಲ್ಲವರಾಗಿರುತ್ತಾರೆ, ನಡುವೆ ತಡೆದು ತಿದ್ದುತ್ತಾರೆ. ಪ್ರಯೋಗಶಾಲೆಯ ಸರಪಳಿಗೂ ಕ್ಷೇತ್ರಕ್ಕೂ ನಡುವಿನ ಈ ಅಂತರದ ಚರ್ಚೆ ಜಾನಪದದಲ್ಲಿ ಎಂದೂ ಮುಗಿದಿಲ್ಲ.

ಇದೇ ಪ್ರಶ್ನೆಯನ್ನು, ಜಾನಪದದ ಈ ಚರ್ಚೆಯ ಪರಿಚಯವಿಲ್ಲದೆಯೇ, ಗಣಕಜಾಲಗಳನ್ನು ಕಟ್ಟಿದ ಎಂಜಿನಿಯರರು 1969ರಿಂದೀಚೆಗೆ ಕೇಳುತ್ತ ಬಂದಿದ್ದಾರೆ. ಅವರ ಕಥೆಗಾರರು ಮನುಷ್ಯರಲ್ಲ, ರೂಟರ್‌ಗಳೆಂಬ ಯಂತ್ರಗಳು. ಜಾಲದ ಕವಲುಗಳಲ್ಲಿ ನಿಂತಿರುವ ರೂಟರ್ ತನ್ನ ಬಳಿಗೆ ಬಂದ ಪ್ರತಿಯೊಂದು ದತ್ತಾಂಶದ ಪೊಟ್ಟಣವನ್ನು ಮುಂದಿನ ಯಾವ ದಾರಿಗೆ ಕಳಿಸಬೇಕೆಂದು ನಿರ್ಧರಿಸುತ್ತದೆ. ಆದರೆ ಇಡೀ ಜಾಲವನ್ನು ಕಂಡಿರುವ ರೂಟರ್ ಯಾವುದೂ ಇಲ್ಲ. ತನ್ನ ನೆರೆಯವರನ್ನು ಬಿಟ್ಟರೆ ಉಳಿದುದೆಲ್ಲ ಅದಕ್ಕೆ ಕೇಳಿದ ಮಾತು. ಯಾರು ಯಾರಿಗೆ, ಯಾವಾಗ, ಏನನ್ನು ಹೇಳಬೇಕು, ಕೇಳಿದ್ದರಲ್ಲಿ ಯಾವುದನ್ನು ನಂಬಬೇಕು ಎಂಬ ಕಟ್ಟಳೆಯೇ ರೂಟಿಂಗ್ ಪ್ರೋಟೋಕಾಲ್. ಇಂಥ ಕಟ್ಟಳೆ ಕಾಗದದ ಮೇಲೆ ಸರಿಯಾಗಿಯೇ ಕಾಣುತ್ತದೆ. ಅದರ ದೋಷ ಕಾಣುವುದು ಹತ್ತಾರು ಯಂತ್ರಗಳು ಏಕಕಾಲದಲ್ಲಿ ಅದನ್ನು ಆಡತೊಡಗಿದಾಗ. ಆದ್ದರಿಂದ ಅದನ್ನು ಪರೀಕ್ಷಿಸುವುದಕ್ಕೆ ಜಾಲದ ಪ್ರತಿಕೃತಿಗಳನ್ನು ಕಟ್ಟಬೇಕಾಯಿತು. ಆ ಪ್ರತಿಕೃತಿಗಳು ಏನನ್ನು ಹಿಡಿದವು, ಏನನ್ನು ಹಿಡಿಯದೆ ಬಿಟ್ಟವು ಎಂಬುದನ್ನು ಪ್ರಸ್ತುತ ಪ್ರಬಂಧದಲ್ಲಿ ಪರಿಶೀಲಿಸಲಾಗಿದೆ.

ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ 1969ರಲ್ಲಿ ಆರಂಭವಾದ ಅರ್ಪಾನೆಟ್‌ನಲ್ಲಿ ರೂಟರ್‌ನ ಕೆಲಸವನ್ನು ‘ಇಂಪ್’ ಎಂಬ ಯಂತ್ರಗಳು ಮಾಡುತ್ತಿದ್ದವು. ಇವನ್ನು ಸಿದ್ಧಪಡಿಸಿದ್ದು ಮೆಸಾಚುಸೆಟ್ಸ್‌ನ ಬೋಲ್ಟ್ ಬೆರಾನೆಕ್ ಅಂಡ್ ನ್ಯೂಮನ್ ಸಂಸ್ಥೆ. ಮೊದಲ ಕಟ್ಟಳೆಯಂತೆ ಪ್ರತಿ ಇಂಪ್ ತನ್ನಿಂದ ಎಲ್ಲ ಸ್ಥಳಗಳಿಗೆ ಇರುವ ದೂರದ ಪಟ್ಟಿಯನ್ನು ಕೇವಲ ನೆರೆಯವರಿಗೆ ಹೇಳುತ್ತಿತ್ತು. ನೆರೆಯವರು ಅದಕ್ಕೆ ತಮ್ಮ ದೂರವನ್ನು ಕೂಡಿಸಿಕೊಂಡು ಮುಂದಿನವರಿಗೆ ಹೇಳುತ್ತಿದ್ದರು. ಎಂಜಿನಿಯರರೇ ಈ ವಿಧಾನವನ್ನು ‘ವದಂತಿಯ ಮೂಲಕ ದಾರಿ’ ಎಂದು ಕರೆದಿರುವುದು ಗಮನಾರ್ಹ. ಒಳ್ಳೆಯ ಸುದ್ದಿ ಇಲ್ಲಿ ಬೇಗ ಹಬ್ಬುತ್ತದೆ, ಕೆಟ್ಟ ಸುದ್ದಿ ತಡವಾಗಿ. ಒಂದು ಊರಿಗೆ ದಾರಿ ಕಡಿದುಹೋದರೂ ಪಕ್ಕದ ಯಂತ್ರ ಹಳೆಯ ವದಂತಿಯನ್ನು ನಂಬಿ ‘ನನ್ನ ಮೂಲಕ ಹೋಗಬಹುದು’ ಎನ್ನುತ್ತದೆ. ಅದು ನಂಬಿದ್ದ ವದಂತಿಯಾದರೋ ದಾರಿ ಕಳೆದುಕೊಂಡ ಯಂತ್ರದಿಂದಲೇ ಹೊರಟದ್ದು. ಇಬ್ಬರೂ ಪರಸ್ಪರರ ಮಾತನ್ನೇ ಆಧಾರವಾಗಿಟ್ಟುಕೊಂಡು ದೂರವನ್ನು ಒಂದೊಂದೇ ಹೆಚ್ಚಿಸುತ್ತ ಹೋಗುತ್ತಾರೆ. 1970ರ ದಶಕದಲ್ಲಿ ಹಾರ್ವರ್ಡ್‌ನ ಇಂಪ್‌ನ ಸ್ಮೃತಿ ಕೆಟ್ಟು, ಎಲ್ಲ ಸ್ಥಳಗಳಿಗೂ ತನ್ನಿಂದ ಇರುವ ದೂರ ಸೊನ್ನೆ ಎಂದು ಅದು ಸಾರಿದಾಗ ಜಾಲದ ಸಂಚಾರವೆಲ್ಲ ಆ ಒಂದು ಯಂತ್ರದ ಕಡೆಗೆ ಹರಿಯಿತು. ಬಾರ್ಟ್‌ಲೆಟ್‌ನ ಸರಪಳಿಯ ದೌರ್ಬಲ್ಯವೇ ಇದು: ಮೂಲವನ್ನು ಕೇಳಿದವರು ಯಾರೂ ಇಲ್ಲ.

ಮೆಕ್‌ಕ್ವಿಲನ್, ರಿಚರ್ ಮತ್ತು ರೋಸೆನ್ ಎಂಬ ಮೂವರು ರೂಪಿಸಿ 1979ರಲ್ಲಿ ಜಾರಿಗೆ ಬಂದ ಹೊಸ ಕಟ್ಟಳೆ ಈ ದೌರ್ಬಲ್ಯವನ್ನು ನೀಗಲು ಹೊರಟಿತು. ಇಲ್ಲಿ ವದಂತಿಗೆ ಬದಲು ಡಂಗುರ. ಪ್ರತಿ ಇಂಪ್ ತನ್ನ ಸ್ವಂತ ಸಂಪರ್ಕಗಳ ಸ್ಥಿತಿಯನ್ನಷ್ಟೇ ಹೇಳುತ್ತದೆ. ಆ ಮಾತು ಬದಲಾಗದೆ, ಎಲ್ಲ ದಾರಿಗಳಿಂದಲೂ, ಎಲ್ಲರನ್ನೂ ಮುಟ್ಟುತ್ತದೆ. ಎಲ್ಲ ಮಾತುಗಳನ್ನು ಕೂಡಿಸಿ ಪ್ರತಿಯೊಂದು ಯಂತ್ರವೂ ಇಡೀ ಜಾಲದ ನಕ್ಷೆಯನ್ನು ತಾನೇ ಬರೆದುಕೊಳ್ಳುತ್ತದೆ. ಒಂದೇ ಮಾತು ಹಲವು ಕಡೆಯಿಂದ ಕಿವಿಗೆ ಬೀಳುವುದೇ ರಕ್ಷಣೆ ಎಂಬ ಈ ತತ್ತ್ವಕ್ಕೂ ಆಂಡರ್ಸನ್ನನ ನಿಯಮಕ್ಕೂ ಇರುವ ಸಾಮ್ಯ ಸ್ಪಷ್ಟವಾಗಿದೆ. ಹಳೆಯ ಸುದ್ದಿ ಯಾವುದು, ಹೊಸತು ಯಾವುದು ಎಂದು ಗುರುತಿಸಲು ಪ್ರತಿ ಸುದ್ದಿಗೂ ಒಂದು ಕ್ರಮಸಂಖ್ಯೆಯಿತ್ತು. ಇದನ್ನು ಜೀವಂತ ಅರ್ಪಾನೆಟ್‌ನ ಮೇಲೆಯೇ ವ್ಯಾಪಕವಾಗಿ ಪರೀಕ್ಷಿಸಲಾಯಿತು. ಪ್ರೋಟೋಕಾಲ್‌ನ ಮಾತುಕತೆಗೆ ತಂತಿಯ ಸಾಮರ್ಥ್ಯದ ಶೇಕಡಾ 2ಕ್ಕಿಂತ ಕಡಿಮೆ ಭಾಗ ಸಾಕಾಗುತ್ತದೆಂದೂ ಹೆಚ್ಚಿನ ಯಂತ್ರಗಳಿಗೆ ಸುದ್ದಿ 100 ಮಿಲಿಸೆಕೆಂಡಿನೊಳಗೆ ತಲುಪುತ್ತದೆಂದೂ 1980ರ ಅವರ ಲೇಖನ ವರದಿ ಮಾಡಿತು.

ಅದೇ ವರ್ಷ ಅಕ್ಟೋಬರ್ 27ರಂದು ಅರ್ಪಾನೆಟ್ ಹಲವು ಗಂಟೆಗಳ ಕಾಲ ಸ್ತಬ್ಧವಾಯಿತು. ರೋಸೆನ್ ತಾನೇ 1981ರಲ್ಲಿ ಬರೆದ ವರದಿ ಈ ಕ್ಷೇತ್ರದ ಅತ್ಯಂತ ಪ್ರಾಮಾಣಿಕ ದಾಖಲೆಗಳಲ್ಲಿ ಒಂದೆನ್ನಬೇಕು. 50ನೆಯ ಸಂಖ್ಯೆಯ ಇಂಪ್ ಹೊರಡಿಸಿದ ಒಂದು ಸುದ್ದಿಯ ಕ್ರಮಸಂಖ್ಯೆ 44 ಆಗಿತ್ತು. 29ನೆಯ ಇಂಪ್‌ನ ಯಂತ್ರಾಂಗದಲ್ಲಿದ್ದ ದೋಷದಿಂದ ಬಿಟ್‌ಗಳು ಉದುರಿ, ಅದೇ ಸುದ್ದಿಗೆ 40 ಮತ್ತು 8 ಎಂಬ ಇನ್ನೆರಡು ಕ್ರಮಸಂಖ್ಯೆಗಳ ಪಾಠಾಂತರಗಳು ಹುಟ್ಟಿಕೊಂಡವು. ಕ್ರಮಸಂಖ್ಯೆಗೆ ಇದ್ದದ್ದು 6 ಬಿಟ್ ಮಾತ್ರ. 63ರ ನಂತರ ಮತ್ತೆ 0 ಬರುವುದರಿಂದ ಯಾವುದು ಹೊಸತೆಂಬುದನ್ನು ಗಡಿಯಾರದ ಮುಳ್ಳಿನಂತೆ ವೃತ್ತಾಕಾರವಾಗಿ ಅಳೆಯಲಾಗುತ್ತಿತ್ತು. ಆ ಅಳತೆಯಲ್ಲಿ 40 ಎಂಬುದು 8ಕ್ಕಿಂತ ಹೊಸತು, 44 ಎಂಬುದು 40ಕ್ಕಿಂತ ಹೊಸತು, 8 ಎಂಬುದು ಮತ್ತೆ 44ಕ್ಕಿಂತ ಹೊಸತು. ಹೀಗಾಗಿ ಪ್ರತಿ ಯಂತ್ರವೂ ಮೂರರಲ್ಲಿ ಯಾವುದನ್ನು ಕೇಳಿದರೂ ಅದನ್ನೇ ನವೀನವೆಂದು ಬಗೆದು ನೆರೆಯವರಿಗೆ ದಾಟಿಸಿತು. ಮೂರು ಸುದ್ದಿಗಳು ಜಾಲದಲ್ಲಿ ಕೊನೆಯಿಲ್ಲದೆ ಸುತ್ತಿದವು. ಅವುಗಳಿಗೆ ಆದ್ಯತೆಯಿದ್ದುದರಿಂದ ಬೇರೆ ಕೆಲಸಕ್ಕೆ ಯಂತ್ರಗಳಿಗೆ ಬಿಡುವೇ ಸಿಗಲಿಲ್ಲ. ಒಂದು ಯಂತ್ರವನ್ನು ಹೊಸದಾಗಿ ಆರಂಭಿಸಿದರೆ ನೆರೆಯವರು ಕೂಡಲೇ ಅದಕ್ಕೂ ಸೋಂಕು ಹತ್ತಿಸುತ್ತಿದ್ದರು. ಕಡೆಗೆ 50ನೆಯ ಯಂತ್ರದ ಸುದ್ದಿಯನ್ನು ಕಿವಿಗೆ ಹಾಕಿಕೊಳ್ಳಬಾರದೆಂಬ ತಿದ್ದುಪಡಿಯನ್ನು ಯಂತ್ರಗಳಿಗೆ ಅಳವಡಿಸಬೇಕಾಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಹಿಂದಿನ ಪರೀಕ್ಷೆಗಳು ತಪ್ಪಾಗಿರಲಿಲ್ಲ. ಯಂತ್ರ ಸರಿಯಾಗಿ ಮಾತನಾಡಿದರೆ ಏನಾಗುತ್ತದೆ, ಸತ್ತುಹೋದರೆ ಏನಾಗುತ್ತದೆ ಎಂಬ ಪ್ರಶ್ನೆಗಳಿಗೆ ಅವು ಸರಿಯಾದ ಉತ್ತರವನ್ನೇ ಕೊಟ್ಟಿದ್ದವು. ಬದುಕಿದ್ದು ತಪ್ಪು ಮಾತನಾಡಿದರೆ ಏನಾಗುತ್ತದೆ ಎಂಬುದನ್ನು ಅವು ಕೇಳಿರಲಿಲ್ಲ. ಆ ಪ್ರಶ್ನೆಯನ್ನು ಮುಖ್ಯವಾಗಿ ಎತ್ತಿಕೊಂಡವರು ರೇಡಿಯಾ ಪರ್ಲ್‌ಮನ್. 1983ರ ಅವರ ಲೇಖನ ಮತ್ತು ಎಂಐಟಿಗೆ ಸಲ್ಲಿಸಿದ 1988ರ ಅವರ ಮಹಾಪ್ರಬಂಧ, ಸುಳ್ಳಾಡುವ ಯಂತ್ರಗಳ ನಡುವೆಯೂ ಜಾಲ ಬದುಕುವ ಬಗೆಯನ್ನು ಚರ್ಚಿಸುತ್ತವೆ. ವೃತ್ತಾಕಾರದ ಎಣಿಕೆಯನ್ನು ಬಿಟ್ಟು 32 ಬಿಟ್‌ಗಳ ನೇರ ಎಣಿಕೆಯನ್ನೂ, ಪ್ರತಿ ಸುದ್ದಿಗೊಂದು ಆಯುಸ್ಸನ್ನೂ ಮುಂದೆ ಓಎಸ್‌ಪಿಎಫ್ ಪ್ರೋಟೋಕಾಲ್ ತನ್ನದಾಗಿಸಿಕೊಂಡಿತು.

ತಂತ್ರಾಂಶ ರೂಟರ್‌ಗಳ ಚರಿತ್ರೆಯೂ ಇದೇ ಕಾಲಕ್ಕೆ ಸೇರುತ್ತದೆ. ವಿಶೇಷ ಯಂತ್ರವಿಲ್ಲದೆ ಸಾಮಾನ್ಯ ಗಣಕದ ಮೇಲೆ ರೂಟರ್‌ನ ಕೆಲಸ ಮಾಡುವ ತಂತ್ರಾಂಶವೇ ತಂತ್ರಾಂಶ ರೂಟರ್. ಡೇವಿಡ್ ಮಿಲ್ಸ್ ಚಿಕ್ಕ ಪಿಡಿಪಿ-11 ವರ್ಗದ ಗಣಕಗಳಿಗೆ ಬರೆದ ‘ಫಜ್‌ಬಾಲ್’ ಮೊದಲಿಗೆ ಪ್ರಯೋಗದ ಸಾಧನವಾಗಿತ್ತು; 1986ರಲ್ಲಿ ಅದೇ ಎನ್‌ಎಸ್‌ಎಫ್‌ನೆಟ್‌ನ 6 ಕೇಂದ್ರಗಳ, ಸೆಕೆಂಡಿಗೆ 56 ಕಿಲೋಬಿಟ್ ವೇಗದ ಬೆನ್ನೆಲುಬಾಗಿ 1988ರವರೆಗೆ ದುಡಿಯಿತು. ಬರ್ಕ್‌ಲಿ ಯುನಿಕ್ಸ್‌ನ 1983ರ ಆವೃತ್ತಿಯೊಡನೆ ಬಂದ ‘ರೂಟ್‌ಡಿ’ ಎಂಬ ಕಾರ್ಯಕ್ರಮ ವಿಶ್ವವಿದ್ಯಾಲಯಗಳಿಗೆಲ್ಲ ಹಬ್ಬಿತು. ಅದು ಆಡುತ್ತಿದ್ದ ರಿಪ್ ಪ್ರೋಟೋಕಾಲ್‌ಗೆ ಅಂತರಜಾಲದ ಅಧಿಕೃತ ಲಿಖಿತ ಪಾಠ ದೊರೆತದ್ದು 1988ರಲ್ಲಿ, ಚಾರ್ಲ್ಸ್ ಹೆಡ್ರಿಕ್‌ರಿಂದ. ಐದು ವರ್ಷ ಪ್ರದರ್ಶನದಲ್ಲಿ ಬಳಸಿದ್ದನ್ನು ಅನಂತರ ಬರೆದಿಟ್ಟ ಈ ಕ್ರಮವು ಮೌಖಿಕ ಕಾವ್ಯಗಳ ಸಂಪಾದನೆಯನ್ನು ಬಲ್ಲವರಿಗೆ ಹೊಸದೆನಿಸದು. ಪಠ್ಯ ಮೊದಲೋ ಪ್ರದರ್ಶನ ಮೊದಲೋ ಎಂಬುದರಲ್ಲಿ ಎಂಜಿನಿಯರರ ಸಮುದಾಯವೂ ಕೊನೆಗೆ ಪ್ರದರ್ಶನದ ಕಡೆಗೇ ವಾಲಿತು. ಪರಸ್ಪರ ಹೊಂದಿಕೊಂಡು ನಡೆಯುವ ಬೇರೆಬೇರೆ ರಚನೆಗಳೂ ಪರೀಕ್ಷೆಯ ಅನುಭವವೂ ಇಲ್ಲದೆ ರೂಟಿಂಗ್ ಪ್ರೋಟೋಕಾಲ್‌ಗೆ ಮಾನ್ಯತೆ ಇಲ್ಲವೆಂಬ ನಿಯಮವನ್ನು ಅದು 1991ರಲ್ಲಿ ಲಿಖಿತವಾಗಿ ಮಾಡಿಕೊಂಡಿತು.

ಪ್ರತಿಕೃತಿಯ ಬೆಲೆಯನ್ನು ಚೆನ್ನಾಗಿ ತೋರಿಸುವ ಪ್ರಸಂಗವೊಂದು 1992ರದು. ಬರ್ಕ್‌ಲಿಯಿಂದ ಎಂಐಟಿಗೆ ಕಳಿಸಿದ ಪರೀಕ್ಷಾ ಪೊಟ್ಟಣಗಳು ಸುಮಾರು 90 ಸೆಕೆಂಡುಗಳಿಗೊಮ್ಮೆ ಕಳೆದುಹೋಗುತ್ತಿದ್ದುದನ್ನು ಸ್ಯಾಲಿ ಫ್ಲಾಯ್ಡ್ ಮತ್ತು ವ್ಯಾನ್ ಜೇಕಬ್‌ಸನ್ ಗಮನಿಸಿದರು. ದಾರಿಯಲ್ಲಿದ್ದ ರೂಟರ್‌ಗಳು ಪ್ರತಿಯೊಂದೂ ತನ್ನ ಪಾಡಿಗೆ 90 ಸೆಕೆಂಡಿಗೊಮ್ಮೆ ನೆರೆಯವರಿಗೆ ಸುದ್ದಿ ಹೇಳಬೇಕಾದವು. ಆದರೆ ಅವೆಲ್ಲ ಏಕಕಾಲಕ್ಕೆ ಹೇಳುತ್ತಿದ್ದವು. ಹೇಳುವ-ಕೇಳುವ ಗದ್ದಲದಲ್ಲಿ ಪೊಟ್ಟಣಗಳನ್ನು ದಾಟಿಸುವ ಕೆಲಸ ನಿಂತುಹೋಗುತ್ತಿತ್ತು. ಹೀಗೆ ಒಟ್ಟಾಗಬೇಕೆಂದು ಯಾವ ಕಟ್ಟಳೆಯೂ ವಿಧಿಸಿರಲಿಲ್ಲ. 1993ರ ಅವರ ಲೇಖನವು ಗಣಿತದ ಮಾದರಿ ಮತ್ತು ಅನುಕರಣ ಪ್ರಯೋಗದ ಮೂಲಕ ಕಾರಣವನ್ನು ಬಿಡಿಸಿಟ್ಟಿತು. ನೆರೆಯವನ ಸುದ್ದಿಯನ್ನು ಕೇಳಿ ಮುಗಿಸುವವರೆಗೆ ರೂಟರ್ ತನ್ನ ಗಡಿಯಾರವನ್ನು ಮತ್ತೆ ಹೊಂದಿಸಿಕೊಳ್ಳುವುದಿಲ್ಲ. ಆ ಕಿರುವಿಳಂಬವೇ ಒಂದನ್ನು ಇನ್ನೊಂದಕ್ಕೆ ಕಟ್ಟಿಹಾಕುತ್ತದೆ. ಒಂದೇ ಒರಳಿನ ಸುತ್ತ ಭತ್ತ ಕುಟ್ಟುವವರ ಒನಕೆಗಳು ಹಾಡಿಲ್ಲದೆಯೂ ಲಯಕ್ಕೆ ಬೀಳುವುದನ್ನು ಕಂಡವರಿಗೆ ಇದು ಅರ್ಥವಾಗದ ಸಂಗತಿಯಲ್ಲ. ಪರಿಹಾರವೆಂದು ಅವರು ಸೂಚಿಸಿದ್ದು ಲಯವನ್ನು ಬೇಕೆಂದೇ ಕೆಡಿಸುವುದನ್ನು: ಪ್ರತಿ ರೂಟರ್ ತನ್ನ ಮುಂದಿನ ಮಾತಿನ ವೇಳೆಯನ್ನು ನಿಗದಿತ ಅವಧಿಯ ಅರ್ಧದಿಂದ ಒಂದೂವರೆ ಪಟ್ಟಿನ ನಡುವೆ ಯಾದೃಚ್ಛಿಕವಾಗಿ ಆರಿಸಿಕೊಳ್ಳಬೇಕು. ಜಾಲದಲ್ಲಿ ಕಂಡದ್ದು ಲಕ್ಷಣ ಮಾತ್ರ. ಕಾರಣ ಕಂಡದ್ದು ಪ್ರತಿಕೃತಿಯಲ್ಲಿ.

ಸಿಮ್ಯುಲೇಟರ್‌ಗಳ ವಂಶಾವಳಿಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬಹುದು. ದೆಹಲಿಯ ಐಐಟಿಯಲ್ಲಿ ಓದಿ ಬರ್ಕ್‌ಲಿಗೆ ಹೋದ ಶ್ರೀನಿವಾಸನ್ ಕೇಶವ್ 1980ರ ದಶಕದ ಕೊನೆಯಲ್ಲಿ ‘ರಿಯಲ್’ ಎಂಬ ಸಿಮ್ಯುಲೇಟರ್ ರಚಿಸಿದರು. ಅದರಿಂದ ‘ಎನ್‌ಎಸ್’ ಬೆಳೆಯಿತು. 1990ರ ದಶಕದಲ್ಲಿ ಅಮೆರಿಕದ ನಾಲ್ಕು ಸಂಶೋಧನ ಕೇಂದ್ರಗಳು ಸೇರಿ ಅದನ್ನು ಎನ್‌ಎಸ್-2 ಆಗಿ ವಿಸ್ತರಿಸಿದವು. ಹೊಸದಾಗಿ ಬರೆದ ಎನ್‌ಎಸ್-3 ಹೊರಬಂದದ್ದು 2008ರಲ್ಲಿ. ಇವುಗಳಲ್ಲಿ ತಂತಿಯೂ ಇಲ್ಲ, ಯಂತ್ರವೂ ಇಲ್ಲ. ಒಂದೇ ಗಣಕದೊಳಗೆ ಘಟನೆಗಳ ಸರದಿಯೊಂದಿದ್ದು, ಗಡಿಯಾರವೂ ಕಲ್ಪಿತವಾದದ್ದು. ಅದೇ ಪ್ರಯೋಗವನ್ನು ನೂರು ಸಲ ನಡೆಸಿದರೂ ನೂರು ಸಲವೂ ಅದೇ ಫಲಿತಾಂಶ. ಈ ಗುಣವೇ ಅದರ ಮಿತಿಯೂ ಹೌದು. ಅಂತರಜಾಲವನ್ನು ಅನುಕರಿಸುವುದು ಏಕೆ ಕಷ್ಟವೆಂಬುದನ್ನು ಫ್ಲಾಯ್ಡ್ ಮತ್ತು ವರ್ನ್ ಪ್ಯಾಕ್ಸನ್ 2001ರಲ್ಲಿ ಬರೆದ ಲೇಖನ ವಿವರಿಸುತ್ತದೆ. ಜಾಲ ಎಲ್ಲೆಡೆ ಒಂದೇ ಬಗೆಯಾಗಿಲ್ಲ, ಮತ್ತು ಅಳೆದು ಮುಗಿಸುವಷ್ಟರಲ್ಲಿ ಅದು ಬದಲಾಗಿರುತ್ತದೆ. ಸಿಮ್ಯುಲೇಟರನ್ನು ಕಟ್ಟಿದವರ ಬಳಗದಿಂದಲೇ ಈ ಮಾತು ಬಂದುದು ಅದರ ತೂಕವನ್ನು ಹೆಚ್ಚಿಸುತ್ತದೆ.

ಆದರೂ ಸಿಮ್ಯುಲೇಟರ್ ಇಲ್ಲದಿದ್ದರೆ ಬಿಜಿಪಿಯ ಗುಟ್ಟುಗಳು ಬಯಲಾಗುವುದು ಕಷ್ಟವಿತ್ತು. ಸಂಸ್ಥೆ ಸಂಸ್ಥೆಗಳ ಜಾಲಗಳನ್ನು ಬೆಸೆಯುವ ಈ ಪ್ರೋಟೋಕಾಲನ್ನು ಲೌಹೀಡ್ ಮತ್ತು ರೆಕ್ಟರ್ ಎಂಬಿಬ್ಬರು 1989ರಲ್ಲಿ ಊಟದ ಮೇಜಿನ ಕಾಗದದ ಕರವಸ್ತ್ರಗಳ ಮೇಲೆ ಗೀಚಿದರೆಂಬ ವೃತ್ತಾಂತ ಎಂಜಿನಿಯರರ ನಡುವೆ ಐತಿಹ್ಯದ ಸ್ಥಾನ ಪಡೆದಿದೆ. ಅದರ ವಿಶೇಷವೆಂದರೆ, ಇಲ್ಲಿ ಹತ್ತಿರದ ದಾರಿಯನ್ನೇ ಆರಿಸಬೇಕೆಂದಿಲ್ಲ. ಪ್ರತಿ ಸಂಸ್ಥೆಯೂ ತನಗೆ ಹಿತವಾದ ದಾರಿಯನ್ನು ಆರಿಸಿಕೊಳ್ಳಬಹುದು. ಮೂವರು ನೆರೆಯವರಲ್ಲಿ ಪ್ರತಿಯೊಬ್ಬನೂ ತನ್ನ ನೇರ ದಾರಿಗಿಂತ ಪಕ್ಕದವನ ಮೂಲಕ ಹೋಗುವುದನ್ನೇ ಇಷ್ಟಪಟ್ಟರೆ ಜಾಲ ಎಂದಿಗೂ ನೆಲೆಗೊಳ್ಳದಿರಬಹುದೆಂದು ವರದನ್, ಗೋವಿಂದನ್ ಮತ್ತು ಎಸ್ಟ್ರಿನ್ 1996ರ ವರದಿಯಲ್ಲಿ ತೋರಿಸಿದರು. ಇನ್ನೂ ವಿಚಿತ್ರವಾದದ್ದು ಚಂಚಲ ದಾರಿಗಳನ್ನು ದಂಡಿಸುವ ಕ್ರಮದ ಕಥೆ. ಪದೇಪದೇ ಬಂದು ಹೋಗುವ ದಾರಿಯನ್ನು ಕೆಲಕಾಲ ನಂಬಬಾರದೆಂಬ ಈ ಕ್ರಮ 1998ರಲ್ಲಿ ಲಿಖಿತ ನಿಯಮವಾಯಿತು. ಒಂದೇ ಒಂದು ಸಲ ಹೋಗಿ ಮರಳಿ ಬಂದ ನಿರಪರಾಧಿ ದಾರಿಗೂ ಒಂದು ಗಂಟೆಯವರೆಗೆ ಬಹಿಷ್ಕಾರ ಬೀಳಬಹುದೆಂದು 2002ರಲ್ಲಿ ಮಾವ್ ಮತ್ತು ಸಂಗಡಿಗರು ಸಿದ್ಧಪಡಿಸಿದರು. ದಾರಿ ಹೋದ ಸುದ್ದಿ ಹಬ್ಬುವಾಗ ರೂಟರ್‌ಗಳು ಬದಲಿ ದಾರಿಗಳನ್ನು ಒಂದೊಂದಾಗಿ ಹುಡುಕಿ ಸಾರುತ್ತವೆ. ದೂರದ ರೂಟರ್ ಆ ಹುಡುಕಾಟವನ್ನೇ ಚಂಚಲತೆಯೆಂದು ಎಣಿಸುತ್ತದೆ. ಯುರೋಪಿನ ಜಾಲ ನಿರ್ವಾಹಕರ ವೇದಿಕೆಯಾದ ರೈಪ್ 2006ರಲ್ಲಿ ಈ ಕ್ರಮವನ್ನು ಬಳಸದಿರುವಂತೆ ಸಲಹೆ ಮಾಡಿತು.

ಸಿಮ್ಯುಲೇಟರ್ ಪಠ್ಯವನ್ನು ಪರೀಕ್ಷಿಸುತ್ತದೆ, ಗಾಯಕನನ್ನಲ್ಲ. ಒಂದೇ ಪಠ್ಯವನ್ನು ಇಬ್ಬರು ಇಬ್ಬಗೆಯಾಗಿ ಹಾಡುವಂತೆ ಒಂದೇ ನಿಯಮವನ್ನು ಇಬ್ಬರು ಇಬ್ಬಗೆಯಾಗಿ ತಂತ್ರಾಂಶವಾಗಿಸುತ್ತಾರೆ. ಈ ಕೊರತೆಯನ್ನು ತುಂಬಿದ್ದು ಮುಕ್ತ ತಂತ್ರಾಂಶ ರೂಟರ್‌ಗಳು. ಜಪಾನಿನ ಕುನಿಹಿರೋ ಇಶಿಗುರೋ 1996ರಲ್ಲಿ ಆರಂಭಿಸಿದ ‘ಜೀಬ್ರಾ’ ಸಾಮಾನ್ಯ ಗಣಕವನ್ನು ಪೂರ್ಣ ಪ್ರಮಾಣದ ರೂಟರ್ ಆಗಿಸಿತು. ಅದರ ಬೆಳವಣಿಗೆ ನಿಧಾನವಾದಾಗ 2003ರ ಹೊತ್ತಿಗೆ ಅದರಿಂದ ಕವಲೊಡೆದದ್ದು ‘ಕ್ವಾಗ್ಗಾ’. ದಕ್ಷಿಣ ಆಫ್ರಿಕಾದಲ್ಲಿದ್ದು ಅಳಿದುಹೋದ ಒಂದು ಬಗೆಯ ಜೀಬ್ರಾದ ಹೆಸರಿದು; ಅದರ ಕೊನೆಯ ಪ್ರಾಣಿ 1883ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಮೃಗಾಲಯದಲ್ಲಿ ಸತ್ತಿತು. ಕ್ವಾಗ್ಗಾದಿಂದ 2017ರಲ್ಲಿ ‘ಎಫ್‌ಆರ್‌ಆರ್’ ಕವಲೊಡೆಯಿತು. ಪ್ರಾಗ್‌ನ ಚಾರ್ಲ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕೆಲಸವಾಗಿ ಹುಟ್ಟಿದ ‘ಬರ್ಡ್’ ಈ ವಂಶಕ್ಕೆ ಸೇರದ ಮತ್ತೊಂದು ಪರಂಪರೆ. ಇವು ಪ್ರತಿಕೃತಿಗಳಲ್ಲ, ನಿಜವಾದ ಜಾಲಗಳಲ್ಲಿ ದುಡಿಯುವ ರೂಟರ್‌ಗಳೇ. ಒಂದೇ ಗಣಕದೊಳಗೆ ಇವುಗಳ ಹತ್ತಾರು ಪ್ರತಿಗಳನ್ನು ಓಡಿಸಿ, ನಡುವೆ ಕಲ್ಪಿತ ತಂತಿಗಳನ್ನೆಳೆದು, ತಂತಿಯನ್ನು ಕಡಿದು ನೋಡುವುದು ಕ್ರಮೇಣ ಸುಲಭವಾಯಿತು. ಫ್ರಾನ್ಸ್‌ನ ಕ್ರಿಸ್ಟೋಫ್ ಫಿಯೋ 2005ರಲ್ಲಿ ಹೊರತಂದ ‘ಡೈನಮಿಪ್ಸ್’ ಸಿಸ್ಕೊ ಕಂಪನಿಯ ರೂಟರ್‌ಗಳ ಮೂಲ ತಂತ್ರಾಂಶವನ್ನೇ ಮೇಜಿನ ಗಣಕದಲ್ಲಿ ನಡೆಸಿತು. 2010ರಲ್ಲಿ ಸ್ಟ್ಯಾನ್‌ಫರ್ಡ್‌ನ ‘ಮಿನಿನೆಟ್’ ಲಿನಕ್ಸ್‌ನೊಳಗೆ ಇಡೀ ಜಾಲವನ್ನು ಕ್ಷಣಮಾತ್ರದಲ್ಲಿ ಕಟ್ಟುವ ಬಗೆಯನ್ನು ತೋರಿಸಿತು.

ಕರ್ನಾಟಕದ ಪಾಲು ಈ ಚರಿತ್ರೆಯಲ್ಲಿ ತಡವಾಗಿ ಬಂದುದಾದರೂ ನಗಣ್ಯವಲ್ಲ. ಬೆಂಗಳೂರಿನ ಟೆಟ್‌ಕಾಸ್ ಸಂಸ್ಥೆಯ ‘ನೆಟ್‌ಸಿಮ್’ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಗಳಿಗೆ ಪರಿಚಿತವಾದದ್ದು. ಎನ್‌ಎಸ್-3 ಬಳಗದ ವಾರ್ಷಿಕ ಅಂತಾರಾಷ್ಟ್ರೀಯ ಕಾರ್ಯಾಗಾರ 2018ರ ಜೂನ್‌ನಲ್ಲಿ ಸುರತ್ಕಲ್ಲಿನ ರಾಷ್ಟ್ರೀಯ ತಾಂತ್ರಿಕ ವಿದ್ಯಾಲಯದಲ್ಲಿ ನಡೆಯಿತು. ಅಲ್ಲಿಯೇ ರೂಪುಗೊಂಡ ‘ನೆಸ್ಟ್’ ಎಂಬ ಸಾಧನ ಕಲ್ಪಿತ ಗಡಿಯಾರವನ್ನು ಬಿಟ್ಟು, ಲಿನಕ್ಸ್‌ನೊಳಗಿನ ಪ್ರತ್ಯೇಕ ಜಾಲಕೋಶಗಳಲ್ಲಿ ಕ್ವಾಗ್ಗಾ, ಎಫ್‌ಆರ್‌ಆರ್‌ಗಳನ್ನೇ ಓಡಿಸುತ್ತದೆ. ಮೇಲೆ ಹೇಳಿದ ಎರಡು ಪರಂಪರೆಗಳೂ ಹೀಗೆ ಒಂದೇ ವಿದ್ಯಾಲಯದಲ್ಲಿ ಕೂಡಿಬಂದಿವೆ.

ಪ್ರತಿಕೃತಿಗಳು ಇಷ್ಟು ಬೆಳೆದ ಮೇಲೂ ಕ್ಷೇತ್ರ ತನ್ನ ಪಾಠ ಕಲಿಸುವುದನ್ನು ಬಿಡಲಿಲ್ಲ. 2010ರ ಆಗಸ್ಟ್ 27ರಂದು ರೈಪ್‌ನ ನೋಂದಣಿ ಕೇಂದ್ರ ಮತ್ತು ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ನಿಯಮಕ್ಕೆ ಬದ್ಧವಾದ, ಆದರೆ ಹಿಂದೆಂದೂ ಬಳಸದ ಗುಣಲಕ್ಷಣವೊಂದನ್ನು ಹೊತ್ತ ಬಿಜಿಪಿ ಸುದ್ದಿಯನ್ನು ಜೀವಂತ ಅಂತರಜಾಲಕ್ಕೆ ಬಿಟ್ಟರು. ಸಿಸ್ಕೊದ ಒಂದು ವರ್ಗದ ರೂಟರ್‌ಗಳು ಅದನ್ನು ಕೆಡಿಸಿ ಮುಂದಕ್ಕೆ ದಾಟಿಸಿದವು. ಕೆಟ್ಟ ಸುದ್ದಿ ಬಂದರೆ ಸಂಬಂಧ ಕಡಿದುಕೊಳ್ಳಬೇಕೆಂಬುದು ಅಂದಿನ ನಿಯಮ. ಅದರಂತೆ ಆರೋಗ್ಯವಂತ ನೆರೆಯವರು ಮಾತುಕತೆಯನ್ನೇ ನಿಲ್ಲಿಸಿದರು. ಸುಮಾರು ಅರ್ಧ ಗಂಟೆಯಲ್ಲಿ ಪ್ರಯೋಗವನ್ನು ಹಿಂತೆಗೆದುಕೊಳ್ಳಬೇಕಾಯಿತು. ಕೆಟ್ಟ ಮಾತನ್ನು ಮಾತ್ರ ಬಿಟ್ಟು ಸಂಬಂಧವನ್ನು ಉಳಿಸಿಕೊಳ್ಳಬೇಕೆಂಬ ಪರಿಷ್ಕೃತ ನಿಯಮ 2015ರಲ್ಲಿ ಪ್ರಕಟವಾಯಿತು.

ನಿಯಮ ಪ್ರಕಟವಾದ ಮಾತ್ರಕ್ಕೆ ಎಲ್ಲರ ನಾಲಿಗೆಗೂ ಅದು ಬರುವುದಿಲ್ಲ. 2019ರ ಜನವರಿಯಲ್ಲಿ ‘ಡಿಸ್ಕೊ’ ಎಂಬ ಭದ್ರತಾ ಯೋಜನೆಯ ಸಂಶೋಧಕರು ಮೊದಲೇ ಪ್ರಕಟಣೆ ಕೊಟ್ಟು ಇಂಥದೇ ಪ್ರಯೋಗ ನಡೆಸಿದರು. ಸಿಸ್ಕೊ, ಕ್ವಾಗ್ಗಾ ಮತ್ತು ಬರ್ಡ್‌ಗಳ ಮೇಲೆ ಪರೀಕ್ಷಿಸಿ ನೋಡಿದ್ದೇವೆಂದು, ಆವೃತ್ತಿಗಳ ಸಂಖ್ಯೆಯ ಸಮೇತ ಅವರು ತಿಳಿಸಿದ್ದರು. ಅವರ ಸುದ್ದಿಯಲ್ಲಿದ್ದ ಗುಣಲಕ್ಷಣದ ಸಂಖ್ಯೆ 255. ಅದು ಯಾರಿಗೂ ಹಂಚಿಕೆಯಾಗಿರಲಿಲ್ಲ. ಆದರೆ ಎಫ್‌ಆರ್‌ಆರ್ ತನ್ನದೇ ಒಂದು ಸೌಲಭ್ಯಕ್ಕೆ ಆ ಸಂಖ್ಯೆಯನ್ನು ಬಳಸುತ್ತಿತ್ತು. ಬಂದ ಸುದ್ದಿಯನ್ನು ತನ್ನ ಸೌಲಭ್ಯದ ಕೆಟ್ಟ ಮಾತೆಂದು ಬಗೆದ ಅದು, 2015ರ ನಿಯಮವನ್ನು ಅಳವಡಿಸಿಕೊಳ್ಳದಿದ್ದುದರಿಂದ, ಹಳೆಯ ರೀತಿಯಲ್ಲೇ ಸಂಬಂಧವನ್ನು ಕಡಿದುಕೊಂಡಿತು. ಪರೀಕ್ಷೆಯ ಪಟ್ಟಿಯಲ್ಲಿ ತಾಯಿಯಿದ್ದಳು, ಮಗಳಿರಲಿಲ್ಲ. ಕವಲೊಡೆದು ಎರಡು ವರ್ಷವೂ ತುಂಬದ ಪಾಠಾಂತರದಲ್ಲಿ ಒಂದೇ ಒಂದು ಸಂಖ್ಯೆಯ ಅರ್ಥ ಬೇರೆಯಾಗಿತ್ತು.

ಪ್ರಯೋಗ ನಿಂತಿತು, ಎಫ್‌ಆರ್‌ಆರ್ ಬಳಗ ತಿದ್ದಿದ ಆವೃತ್ತಿಗಳನ್ನು ಹೊರತಂದಿತು, ಜನವರಿ 23ರಂದು ಪ್ರಯೋಗ ಮತ್ತೆ ಆರಂಭವಾಯಿತು, ಮತ್ತೆ ದೂರು ಬಂತು. ಜೀವಂತ ಜಾಲ ಪ್ರಯೋಗಶಾಲೆಯಲ್ಲ, ತಮ್ಮ ಗ್ರಾಹಕರನ್ನು ಪ್ರಯೋಗದ ಪ್ರಾಣಿಗಳಾಗಿಸಬಾರದು ಎಂದು ಕೆಲವು ನಿರ್ವಾಹಕರು ವಾದಿಸಿದರು. ಸದ್ಭಾವದ ಸಂಶೋಧಕರು ಇಂದು ತೋರಿಸದಿದ್ದರೆ ನಾಳೆ ದುರ್ಭಾವದವರು ತೋರಿಸುತ್ತಾರೆ, ನಿಯಮದಂತಿರುವ ಸುದ್ದಿಗೆ ಮುರಿದುಬೀಳುವ ರೂಟರನ್ನು ತಿದ್ದಿಕೊಳ್ಳುವುದು ಅದರ ಒಡೆಯನ ಹೊಣೆ ಎಂದು ಇನ್ನು ಕೆಲವರು ಹೇಳಿದರು. ಎರಡನೆಯ ವಾದದಲ್ಲಿ ಹೆಚ್ಚು ತಥ್ಯವಿದೆ ಎನ್ನಬೇಕಾಗುತ್ತದೆ. ಆದರೆ ಸೇವೆ ಕಡಿದುಹೋದವನ ಕೂಗಿನ ಎದುರು ಅದು ನಿಲ್ಲಲಿಲ್ಲ. ಸಂಶೋಧಕರು ಪ್ರಯೋಗದ ಉಳಿದ ಭಾಗವನ್ನು ಶಾಶ್ವತವಾಗಿ ಕೈಬಿಟ್ಟರು.